ಅಪ್ಪ ಬಿಟ್ಟುಕೊಟ್ಟ ಅರ್ಧ ಕುರ್ಚಿ

ಕುಶನ್ ಅಂಗಡಿಯ ಹಿಂದಿನ ಕೋಣೆಯಿಂದ,
ಹದಿನಾಲ್ಕನೇ ತಾರೀಖು, ಮಂಗಳವಾರ ಮಧ್ಯಾಹ್ನ

ಪ್ರೀತಿಯ ಅಕ್ಕಾ,

ಹೇಗಿದ್ದೀಯ? ಮಂಡಿ ನೋವು ಕಡಿಮೆಯಾಯಿತೇ? ನಾನು ಕಳಿಸಿದ ಮುಲಾಮು ಹಚ್ಚುತ್ತಿದ್ದೀಯೋ, ಬೀರುವಿನಲ್ಲಿಟ್ಟು ಬೀಗ ಹಾಕಿದ್ದೀಯೋ? ಶಾಲೆಗೆ ರಜೆ ಬಂತೆಂದು ಕಾಗದ ಬರೆಯುವುದಕ್ಕೂ ರಜೆ ಹಾಕಿದ ಹಾಗಿದೆ. ಮಕ್ಕಳ ಗಲಾಟೆಯೂ ಇಲ್ಲದ ಆ ದ್ವೀಪದಲ್ಲಿ ಒಬ್ಬಳೇ ಹೇಗೆ ಹೊತ್ತು ಕಳೆಯುತ್ತೀಯೋ ದೇವರಿಗೇ ಗೊತ್ತು. ಫೋನೂ ಇಲ್ಲದ, ವಾರಕ್ಕೊಂದೇ ದೋಣಿ ಬರುವ ಊರನ್ನು ಹುಡುಕಿಕೊಂಡು ಹೋಗಿ ಟೀಚರಾದವಳಿಗೆ ಯಾರು ಬುದ್ಧಿ ಹೇಳಬೇಕು! ಇಲ್ಲಿ ನಾವೆಲ್ಲ ಚೆನ್ನಾಗಿದ್ದೇವೆ. ಅಪ್ಪನ ವಿಷಯ ಮಾತ್ರ ನಿಧಾನವಾಗಿ ಬರೆಯಬೇಕು, ಅದಕ್ಕೇ ಅಂಗಡಿಯ ಬಾಗಿಲು ಅರ್ಧ ಎಳೆದುಕೊಂಡು ಕೂತಿದ್ದೇನೆ.

ಮೂರು ವಾರದ ಹಿಂದೆ ಸ್ನಾನ ಮಾಡಿಸುವಾಗ ಅವರ ಬಲಗಡೆ ಕೂರುವ ಮೂಳೆಯ ಮೇಲೆ ಹೆಬ್ಬೆರಳಿನಷ್ಟು ಅಗಲ ಚರ್ಮ ಕೆಂಪಾಗಿತ್ತು. ನಲವತ್ತು ವರ್ಷ ಬಸ್ಸಿನ ಸ್ಟೀರಿಂಗ್ ಹಿಂದೆ ಕೂತು ಗಟ್ಟಿಯಾದ ಮೈ, ಇಷ್ಟಕ್ಕೆಲ್ಲ ಏನಾಗುತ್ತದೆ ಎಂದುಕೊಂಡೆ. ಈಗ ಅಲ್ಲಿ ಮಾಂಸವೇ ಇಲ್ಲವಲ್ಲ ಅಕ್ಕಾ, ಬರೀ ಮೂಳೆ, ಅದರ ಮೇಲೊಂದು ತೆಳ್ಳನೆ ತೊಗಲು. ಹೇಳಿ ಕೇಳಿ ನಾನು ಸೀಟು ಹೊಲಿಯುವವನು. ನೋವಿರುವ ಜಾಗಕ್ಕೆ ಏನೂ ತಾಗದಿದ್ದರೆ ಸರಿಹೋಗುತ್ತದೆಂದು ಲೆಕ್ಕ ಹಾಕಿ, ನಡುವೆ ತೂತಿರುವ ದುಂಡನೆಯ ದಿಂಬು ಮಾಡಿ, ಮೇಲೆ ಒಳ್ಳೇ ರೆಕ್ಸಿನ್ ಹೊದಿಸಿ, ಅದರ ಮೇಲೆ ಕೂರಿಸಿದೆ. ಸಾಲದ್ದಕ್ಕೆ ದಿನಾ ಎರಡು ಹೊತ್ತು ಆ ಕೆಂಪನ್ನು ಎಣ್ಣೆ ಹಾಕಿ ತಿಕ್ಕಿದೆ. ಐದನೇ ದಿನ ಮನೆಗೆ ಬರುವ ನರ್ಸಮ್ಮ ನೋಡಿ ನನ್ನನ್ನು ಚೆನ್ನಾಗಿ ತರಾಟೆಗೆ ತೆಗೆದುಕೊಂಡರು. ತೂತಿನ ದಿಂಬು ಸುತ್ತಲೂ ಒತ್ತಿ ಅಲ್ಲಿಗೆ ರಕ್ತವೇ ಹೋಗದಂತೆ ಮಾಡುತ್ತದಂತೆ, ತಿಕ್ಕಿದರೆ ಒಳಗಿನ ಮಾಂಸ ನುಜ್ಜಾಗುತ್ತದಂತೆ, ರೆಕ್ಸಿನ್ ಮೇಲೆ ಬೆವರು ನಿಂತು ಚರ್ಮ ಮೆತ್ತಗಾಗುತ್ತದಂತೆ. ಅವರು ಬೆರಳಿಟ್ಟು ಒತ್ತಿ ತೋರಿಸಿದರು: ಕೆಂಪು ಬಿಳಿಯಾಗಿ ಮತ್ತೆ ಕೆಂಪಾದರೆ ಪರವಾಗಿಲ್ಲ. ಅಪ್ಪನದು ಬಿಳಿಯಾಗಲೇ ಇಲ್ಲ. "ಹಾಸಿಗೆ ಹುಣ್ಣು ಅಂತ ಹೆಸರಷ್ಟೇ, ಕುರ್ಚಿಯಲ್ಲೂ ಆಗುತ್ತೆ. ಇದು ಒಡೆದ್ರೆ ಈ ವಯಸ್ಸಲ್ಲಿ ಮಾಯೋದು ಕಷ್ಟ, ನಂಜೇರಿದ್ರೆ ಮನುಷ್ಯ ಉಳಿಯಲ್ಲ" ಅಂದರು. ನನ್ನ ಕೈಯಾರೆ ಅಪ್ಪನನ್ನು ಅಲ್ಲಿಗೆ ತಂದಿಟ್ಟಿದ್ದೆನಲ್ಲ ಅಕ್ಕಾ, ಆ ಸಂಕಟ ಯಾರಿಗೆ ಹೇಳಲಿ?

ತೂತಿನ ದಿಂಬು ಕಸಕ್ಕೆ ಹೋಯಿತು. ಪಾದ ಪೂರ್ತಿ ನೆಲಕ್ಕೆ ತಾಗಿದರೆ ಮುಂದಕ್ಕೆ ಜಾರುವುದಿಲ್ಲವೆಂದು ಕುರ್ಚಿಯ ಕಾಲು ಎರಡು ಬೆರಳಷ್ಟು ಕೊಯ್ದೆ. ಕಾಲು ಗಂಟೆಗೊಮ್ಮೆ ಅವರನ್ನು ಆ ಕಡೆಗೊಂದು ಸಲ, ಈ ಕಡೆಗೊಂದು ಸಲ ವಾಲಿಸಬೇಕು, ಗಂಟೆಗೊಮ್ಮೆ ಎಬ್ಬಿಸಿ ನಿಲ್ಲಿಸಬೇಕು. ಅಲಾರಂ ಇಟ್ಟುಕೊಂಡು ನಾನು ಅಂಗಡಿಯಿಂದ ಓಡಿಬರುತ್ತೇನೆ, ನನ್ನವಳು ಅಡುಗೆಮನೆಯಿಂದ. ಆಗಲೇ ಕಣ್ಣಿಗೆ ಬಿದ್ದದ್ದು. ಅಪ್ಪ ಆ ಅಗಲದ ಹಳೇ ಕುರ್ಚಿಯಲ್ಲಿ ಬಲಗಡೆಯ ಕೈಗೆ ಅಂಟಿಕೊಂಡು, ಮೈಯ ಭಾರವನ್ನೆಲ್ಲ ಆ ಒಂದು ಮೂಳೆಯ ಮೇಲೇ ಹಾಕಿ ಕೂರುತ್ತಾರೆ. ನಡುವಿಗೆ ಸರಿಸಿ ಕೂರಿಸಿದರೆ ನಾನು ತಿರುಗುವುದರೊಳಗೆ ಮತ್ತೆ ಅಲ್ಲೇ. ಯಾಕೆಂದು ಕೇಳಿದರೆ "ಜಾಗ ಬಿಡಬೇಕಲ್ಲಪ್ಪ" ಎನ್ನುತ್ತಾರೆ. ಅಮ್ಮ ಹೋಗಿ ಎರಡು ವರ್ಷವಾಯಿತು, ಅವರಿಬ್ಬರೂ ಆ ಕುರ್ಚಿಯಲ್ಲಿ ಒತ್ತಿಕೊಂಡು ಕೂತು ಜಗಳವಾಡುತ್ತಿದ್ದುದು ನಿನಗೆ ನೆನಪಿರಬೇಕು. ಅಮ್ಮನಿಗೇ ಜಾಗ ಬಿಡುತ್ತಿದ್ದಾರೆಂದು ನನ್ನವಳು ಮೊದಲು ನಕ್ಕಳು, ಆಮೇಲೆ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು.

ಇದನ್ನು ಬರೆಯಲೋ ಬೇಡವೋ ಎಂದು ಎರಡು ದಿನ ಯೋಚಿಸಿದೆ. ನಗಬೇಡ. ಆ ಕುರ್ಚಿಗೆ ನಾನು ಹಾಕಿದ್ದು ನಿಧಾನವಾಗಿ ಉಬ್ಬುವ ಫೋಮ್. ಕೂತವರು ಎದ್ದ ಮೇಲೆ ಅವರು ಕೂತ ಗುಣಿ ತುಂಬಿಕೊಳ್ಳಲು ಇಪ್ಪತ್ತು ಎಣಿಸುವಷ್ಟು ಹೊತ್ತು ಬೇಕು. ಒಂದು ಮಧ್ಯಾಹ್ನ ಅಪ್ಪನನ್ನು ಎತ್ತಿ ನಿಲ್ಲಿಸಿ ನೋಡುತ್ತೇನೆ, ಅವರ ಗುಣಿಯ ಪಕ್ಕದಲ್ಲೇ ಇನ್ನೊಂದು. ಅಪ್ಪನದು ಇಪ್ಪತ್ತಕ್ಕೆ ತುಂಬಿತು. ಪಕ್ಕದ್ದು ಇನ್ನೂರಕ್ಕೂ ತುಂಬಲಿಲ್ಲ. ಸರಕು ಕೊಟ್ಟವನಿಗೆ ಬಾಯಿಗೆ ಬಂದಂತೆ ಬೈದು ಹೊಸ ಫೋಮ್ ತಂದು ಹಾಕಿದೆ. ಮಾರನೆಯ ದಿನವೂ ಅದೇ ಕತೆ. ಅಂಗೈ ಇಟ್ಟು ನೋಡಿದೆ. ಬೆಚ್ಚಗಿತ್ತು. ಇಪ್ಪತ್ತೆಂಟು ವರ್ಷದಿಂದ ಜನ ಕೂತೆದ್ದ ಸೀಟುಗಳನ್ನು ಬಿಚ್ಚುತ್ತಿರುವವನು ನಾನು, ಈಗಷ್ಟೇ ಎದ್ದು ಹೋದವರ ಬಿಸಿ ಯಾವುದೆಂದು ನನಗೆ ಗೊತ್ತು. ಇದು ಎದ್ದು ಹೋದವರದ್ದಲ್ಲ. ಕೈ ತೆಗೆದುಬಿಟ್ಟೆ.

ಹೆದರಿಕೆಗೋ ಏನೋ, ಒಬ್ಬರೇ ಕೂರುವಂಥ ಇಕ್ಕಟ್ಟಿನ ಕುರ್ಚಿಯೊಂದನ್ನು ಮೂರೇ ದಿನದಲ್ಲಿ ಮಾಡಿಬಿಟ್ಟೆ. ಎರಡೂ ಕಡೆ ಒರಗು, ಅಪ್ಪ ಅಲುಗಾಡುವ ಹಾಗಿಲ್ಲ. ಅವರು ಅದರಲ್ಲಿ ಒಂದು ಗಂಟೆಯೂ ಕೂರಲಿಲ್ಲ. ಕುರ್ಚಿಯ ತುದಿಗೆ ಬಂದು, ಬೀಳುವ ಹಾಗೆ ನೇತಾಡಿಕೊಂಡು, "ನಿಂತ್ಕೊಂಡೇ ಇದ್ದಾಳಲ್ಲೋ, ಕೂರೋಕೆ ಬಿಡೋ" ಎಂದು ಮಗುವಿನ ಹಾಗೆ ಅತ್ತರು. ಆ ಸಂಜೆ ಕೆಂಪು ಹೋಗಿ ನೇರಳೆಯಾಗಿತ್ತು, ನರ್ಸಮ್ಮ ನೋಡಿ ತಲೆ ಅಲ್ಲಾಡಿಸಿದರು. ಇನ್ನೆರಡು ದಿನದಲ್ಲಿ ಒಡೆಯುತ್ತದೆಂದು ನನಗೂ ತಿಳಿಯಿತು.

ಕೊನೆಗೆ ಸೋತೆ. ಅಂಗಡಿಯಲ್ಲಿದ್ದ ಉದ್ದದ ಬೆಂಚಿಗೆ ಎರಡು ಬೇರೆ ಬೇರೆ ಸೀಟು ಹೊಲಿದೆ, ಗಾಳಿಯಾಡುವ ಹತ್ತಿ ಬಟ್ಟೆಯಲ್ಲಿ. ಒಂದು ಅಪ್ಪನಿಗೆ, ಒಂದು ಅಪ್ಪ ಜಾಗ ಬಿಡುವವರಿಗೆ. ಹುಚ್ಚು ಎನ್ನು, ಏನಾದರೂ ಎನ್ನು. ಅಪ್ಪ ತಮ್ಮ ಸೀಟಿನ ನಟ್ಟನಡುವೆ, ಎರಡೂ ಮೂಳೆಯ ಮೇಲೆ ಸಮನಾಗಿ ಭಾರ ಹಾಕಿ ಕೂತರು. ಇವತ್ತಿಗೆ ಒಂಬತ್ತು ದಿನ. ನೇರಳೆ ಕೆಂಪಾಯಿತು, ಕೆಂಪು ತಿಳಿಯಾಯಿತು, ಇವತ್ತು ಬೆಳಿಗ್ಗೆ ಬೆರಳಿಟ್ಟು ಒತ್ತಿದರೆ ಬಿಳಿಯಾಯಿತು! ನರ್ಸಮ್ಮನ ಎದುರಿಗೇ ನನ್ನವಳು ಚಪ್ಪಾಳೆ ತಟ್ಟಿದಳು. ಅಪ್ಪ ಉಳಿದುಕೊಂಡರು ಅಕ್ಕಾ.

ಪಕ್ಕದ ಸೀಟಿನಲ್ಲಿ ಗುಣಿ ಇದ್ದೇ ಇದೆ. ದಿನದಿಂದ ದಿನಕ್ಕೆ ಒಂದೇ ಕಡೆ ಆಳವಾಗುತ್ತಿದೆ, ಮಧ್ಯಾಹ್ನದ ಹೊತ್ತಿಗೆ ಬಟ್ಟೆ ಒದ್ದೆಯಾಗಿರುತ್ತದೆ. ನನ್ನವಳು ಅಪ್ಪನ ಸೀಟಿನ ಬಟ್ಟೆ ಬದಲಿಸುವಾಗ ಅದನ್ನೂ ಬದಲಿಸುತ್ತಾಳೆ. ನಾವು ಅದರ ಮಾತೆತ್ತುವುದಿಲ್ಲ. ಅಮ್ಮನೇ ಬಂದು ಕೂತಿದ್ದರೆ ಕೂತಿರಲಿ, ಬದುಕಿದ್ದಾಗ ಒಂದು ಗಳಿಗೆ ನೆಮ್ಮದಿಯಾಗಿ ಕೂತವಳಲ್ಲ.

ನೀನು ವೇಳೆಗೆ ಸರಿಯಾಗಿ ಊಟ ಮಾಡು. ಗಾಳಿ ಜೋರಾದರೆ ಕಿಟಕಿ ಭದ್ರ ಮಾಡಿಕೋ. ನನ್ನವಳು ನಿನಗೆ ನಮಸ್ಕಾರ ತಿಳಿಸಿದ್ದಾಳೆ. ಅಪ್ಪನ ಆಶೀರ್ವಾದವನ್ನು ನಾನೇ ಅವರ ಪರವಾಗಿ ಬರೆಯುತ್ತಿದ್ದೇನೆ, ನಿನ್ನ ತಲೆಯ ಮೇಲೆ ಅವರ ಕೈ ಸದಾ ಇರುತ್ತದೆ.

ನಿನ್ನ ಪ್ರೀತಿಯ ತಮ್ಮ,
ಮೊಳೆರಾಯ
(ನೀನಿಟ್ಟ ಹೆಸರೇ ಊರಿಗೆಲ್ಲ ಆಯಿತು!)

ಮರೆತ ಮಾತು: ಲಕೋಟೆಗೆ ಹಾಕುವ ಮುಂಚೆ ಅಪ್ಪನನ್ನು ವಾಲಿಸಲು ಒಳಗೆ ಹೋಗಿದ್ದೆ. ಸುಮ್ಮನಿರಲಾರದೆ, ಅಮ್ಮ ಹೇಗಿದ್ದಾಳೆ ಅಂತ ಕೇಳಿಬಿಟ್ಟೆ. ಅಪ್ಪ ನನ್ನನ್ನು ಪೆದ್ದನನ್ನು ನೋಡುವ ಹಾಗೆ ನೋಡಿದರು. "ಅಮ್ಮ ಎಲ್ಲಿಂದ ಬರ್ತಾಳೋ, ಸತ್ತು ಎರಡು ವರ್ಷ ಆಯ್ತು. ಇವಳು ನಿನ್ನ ಅಕ್ಕ. ಆ ದ್ವೀಪದ ಮನೆ ಮೆಟ್ಟಿಲ ಮೇಲೆ ಜಾರಿ ಬಿದ್ದಳಲ್ಲ, ಹೇಗೋ ತೆವಳಿಕೊಂಡು ಬಂದು ಕೂತಿದ್ದಾಳೆ. ಏಳೋಕಾಗ್ತಿಲ್ಲ ಅವಳಿಗೆ." ಆಮೇಲೆ ಆ ಖಾಲಿ ಸೀಟನ್ನು ಮೆಲ್ಲಗೆ ತಟ್ಟಿ, ನರ್ಸಮ್ಮ ತಮಗೆ ಹೇಳುವ ದನಿಯಲ್ಲೇ, "ಒಂದೇ ಮೂಳೆ ಮೇಲೆ ಕೂರಬೇಡ ಮಗಳೇ, ಆ ಕಡೆ ವಾಲು" ಅಂದರು. ಅಕ್ಕಾ, ಗಾಳಿಯ ದೆಸೆಯಿಂದ ಈ ವಾರದ ದೋಣಿಯಲ್ಲಿ ಅಂಚೆ ಚೀಲ ಮಾತ್ರ, ಜನರನ್ನು ಹತ್ತಿಸುವುದಿಲ್ಲವಂತೆ. ಓಡಿಹೋಗಿ ದೋಣಿಯವನ ಕಾಲು ಹಿಡಿದು ಕೇಳಿದರೂ ಆಗಲಿಲ್ಲ. ಲಕೋಟೆಯ ಮೇಲೆ ದಪ್ಪ ಅಕ್ಷರದಲ್ಲಿ ಬರೆದಿದ್ದೇನೆ: ಅಂಚೆಯಣ್ಣಾ, ಕಾಗದವನ್ನು ಬಾಗಿಲ ಕೆಳಗೆ ತೂರಿಸಿ ಹೋಗಬೇಡ, ಬಾಗಿಲು ತೆರೆಯದಿದ್ದರೆ ಒಡೆದು ಒಳಗೆ ಹೋಗು. ನಿನ್ನ ಸೀಟಿನ ಪಕ್ಕದಲ್ಲೇ ಕೂತು, ನಿನಗೆ ಕೇಳಲೆಂದು ಬಾಯಿಬಿಟ್ಟು ಹೇಳುತ್ತಾ ಇದನ್ನು ಬರೆಯುತ್ತಿದ್ದೇನೆ: ಅವನು ಬರುವವರೆಗೆ ಅಪ್ಪ ಹೇಳಿದ ಹಾಗೆ ಕೇಳಕ್ಕಾ, ಕಾಲು ಗಂಟೆಗೊಮ್ಮೆ ಸ್ವಲ್ಪ ವಾಲು.