ಟುಣ್ ಅಂದರೆ ಒಳಗಿರು

2 ಜೂನ್ 2008, ಸೋಮವಾರ
ಬೆಳಿಗ್ಗೆ 5.40ಕ್ಕೆ ಅಂಕಯ್ಯನ ಎರಡು ಮಿಸ್ಡ್ ಕಾಲ್. ಒಂದು ಅಂದರೆ ಆನೆ ಕಾಡಂಚಿನಲ್ಲಿದೆ. ಎರಡು ಅಂದರೆ ಟ್ರೆಂಚ್ ದಾಟಿ ಊರ ಕಡೆ ಹೊರಟಿದೆ. ಈ ಭಾಷೆ ಅಂಕಯ್ಯನದೇ. ಗುರುಪುರದಾಚೆ ಹೊಲದ ಅಟ್ಟಣೆ ಮೇಲೆ ಕೂತು ಕಾಯುವ ಮನುಷ್ಯ, ಕರೆನ್ಸಿ ಖರ್ಚಾಗಬಾರದು. ಹಲ್ಲೂ ಉಜ್ಜದೆ ಕಂಪ್ಯೂಟರ್ ಮುಂದೆ ಕೂತೆ. 412 ನಂಬರಿಗೆ ಮೆಸೇಜ್: ‘ದೊಡ್ಡೋರು ಬಂದವ್ರೆ, ಹೊರಗೆ ಬರಬೇಡಿ.’ ಆನೆ ಅಂತ ಬರೆದರೆ ಆ ಕಡೆಯವರು ಬೈಯುತ್ತಾರೆ, ಹೆಸರು ಹಿಡಿದು ಕರೆದಂತಂತೆ.

ಆಮೇಲೆ ಅಂಗಡಿ. ಅರ್ಜಿ ಟೈಪಿಂಗ್, ಜೆರಾಕ್ಸ್, ಹುಣಸೂರು ಬಸ್ ಸ್ಟ್ಯಾಂಡಿನ ಧೂಳು.

ಮಧ್ಯಾಹ್ನ ಮೈಸೂರಿನ ಉಮಾಶಂಕರ್ ಬಂದರು. ಮೊಬೈಲ್ ಶೋರೂಮ್ ಇಟ್ಟಿರುವವರು. ನನ್ನ ಮೆಸೇಜಿನ ಕಥೆ ಯಾರೋ ಹೇಳಿದರಂತೆ. ಬಂಡವಾಳ ಹಾಕುತ್ತಾರಂತೆ... ನನ್ನ ಮೇಲೆ. ಈ ಸುಧಾಳ ಮೇಲೆ ಇದುವರೆಗೆ ಯಾರೂ ಒಂದು ಕಾಫಿಯ ದುಡ್ಡನ್ನೂ ಹಾಕಿರಲಿಲ್ಲ.

“ಇನ್ನೂ ಆರು ತಿಂಗಳು ಫ್ರೀಯಾಗೇ ಬಿಡಿ ಅಂತಿದ್ದೆ ಮೇಡಂ. ಆದ್ರೆ ಜನಕ್ಕೆ ಆಗಲೇ ಅಭ್ಯಾಸ ಆಗ್ಬಿಟ್ಟಿದೆ. ಈಗ ಬೆಲೆ ಇಡಬಹುದು,” ಅಂದರು.

ಖುಷಿಯಾಯಿತು. ಸುಳ್ಳೇಕೆ ಬರೆಯಲಿ.

11 ಜೂನ್
ಹೊಸ ಸಾಫ್ಟ್‌ವೇರ್ ಬಂತು. ಪ್ರತಿ ಹೆಸರಿನ ಮುಂದೆ ಒಂದೇ ಪ್ರಶ್ನೆ—ದುಡ್ಡು ಕಟ್ಟುವವರೋ, ಅಲ್ಲವೋ. ಕಟ್ಟಿದವರಿಗೆ ಹೊಗೆಸೊಪ್ಪಿನ ಹರಾಜಿನ ರೇಟೂ ಬರುತ್ತದೆ.

ನೆಂಟರು ಇಪ್ಪತ್ತೆರಡು ಜನ, ಕಾಡಂಚಿನ ಊರಿನ ಮಾವನೂ ಸೇರಿ. ಅವರ ಹತ್ತಿರ ದುಡ್ಡು ಕೇಳುವುದುಂಟೆ? ಎಲ್ಲರಿಗೂ ‘ಇಲ್ಲ’ ಒತ್ತಿದೆ. ಮೊದಲ ಹೆಸರೇ ಪುಟ್ಟಮಲ್ಲಮ್ಮ, ನನ್ನ ಚಿಕ್ಕಮ್ಮ. ಅವ್ವ ಸತ್ತ ಮೇಲೆ ನನ್ನನ್ನು ಸಾಕಿದವಳು. ಅವಳಿಗೆ ಫೋನು ಕೊಡಿಸಿದ್ದೂ ನಾನೇ. ಓದು ಬರುವುದಿಲ್ಲ. ಒಂದೇ ಪಾಠ ಹೇಳಿಕೊಟ್ಟಿದ್ದೇನೆ—ಟುಣ್ ಅಂದರೆ ಒಳಗಿರು.

9 ಜುಲೈ, ಬುಧವಾರ
ಉಮಾಶಂಕರ್ ಮುಖ ಬಾಡಿತ್ತು. ದುಡ್ಡು ಕಟ್ಟುವವರು ಬರೀ ಮೂವತ್ತೊಂದು ಜನ.

“ಎಲ್ಲರಿಗೂ ಒಂದೇ ಹೊತ್ತಿಗೆ ಮೆಸೇಜ್ ಹೋದ್ರೆ ಯಾರು ಕಟ್ತಾರೆ ಮೇಡಂ? ನಾವು ಮಾರೋದು ಮೆಸೇಜ್ ಅಲ್ಲ. ಹದಿನೈದು ನಿಮಿಷ. ಕಟ್ಟಿದವರಿಗೆ ತಕ್ಷಣ, ಉಳಿದವರಿಗೆ ಹದಿನೈದು ನಿಮಿಷ ಆದ್ಮೇಲೆ.”

ಆನೆ ಹದಿನೈದು ನಿಮಿಷ ಕಾಯುತ್ತದಾ ಅಂತ ಕೇಳಿದೆ. ನಕ್ಕರು. ನಾನೂ ನಕ್ಕೆ. ಯಾಕೆ ನಕ್ಕೆನೋ.

ಮಿಸ್ಡ್ ಕಾಲ್ ಇನ್ನು ಸೀದಾ ಮೈಸೂರಿನ ಸರ್ವರಿಗೆ. ನಾನು ಎದ್ದು ಓಡಬೇಕಿಲ್ಲ. ಅಂಗಡಿಗೆ ಹೊಸ ಬೋರ್ಡ್ ಬರೆಯಲು ಕೊಟ್ಟಿದ್ದಾರೆ, ನನ್ನ ಹೆಸರು ದೊಡ್ಡದಾಗಿ.

20 ಜುಲೈ
ಅಂಕಯ್ಯ ಅಂಗಡಿಗೆ ಬಂದಿದ್ದ. ಟವೆಲು ಕೊಡವಿಕೊಂಡು ಕೂತು, “ನಾನೇ ಕೊಟ್ಟ ಸುದ್ದಿ ನಂಗೇ ಅಳೇದಾಗಿ ಬತ್ತದಲ್ಲವ್ವ,” ಅಂದ. ಟೀ ತರಿಸಿ ಮಾತು ಮರೆಸಿದೆ.

ಹೋಗುವಾಗ ಇನ್ನೊಂದು ಮಾತು. “ಮೊದ್ಲು ಒಬ್ರಿಗೆ ಗೊತ್ತಾದ್ರೆ ಕೇರಿಗೆಲ್ಲ ಕೂಗೋರು. ಈಗ ಯಾರೂ ಕೂಗಲ್ಲ ಕಣವ್ವ. ಎಲ್ರ ಜೇಬಲ್ಲೂ ಫೋನದೆ ಅಂತವ್ರೆ.”

28 ಜುಲೈ
ಹೋದ ವಾರ ಗುರುಪುರದ ಹತ್ತಿರ ಒಬ್ಬ ಮರ ಹತ್ತಿ ಉಳಿದುಕೊಂಡ. ಮೆಸೇಜ್ ಬಂದಾಗ ಮರದ ಮೇಲೇ ಇದ್ದನಂತೆ. ಆ ವಾರ ದುಡ್ಡು ಕಟ್ಟಿದವರು ತೊಂಬತ್ತು ಜನ. ಉಮಾಶಂಕರ್ ಸ್ವೀಟ್ ಕಳಿಸಿದರು. ಇನ್ನು ಮೇಲೆ ಇಪ್ಪತ್ತೈದು ನಿಮಿಷವಂತೆ. ಪಿರಿಯಾಪಟ್ಟಣ, ಎಚ್.ಡಿ. ಕೋಟೆಗೂ ಹೋಗೋಣವಂತೆ.

ಸ್ವೀಟ್ ತಿಂದೆ.

3 ಆಗಸ್ಟ್, ಭಾನುವಾರ
ಚಿಕ್ಕಮ್ಮನ ಮನೆಗೆ ಹೋಗಿದ್ದೆ. ಉಪ್ಪೆಸರು, ಮುದ್ದೆ. ಎಲೆ ಬಿಡಿಸುವ ಕಾಲ, ಅವಳ ಬೆರಳೆಲ್ಲ ಹೊಗೆಸೊಪ್ಪಿನ ಅಂಟು.

“ನಿನ್ನ ಟುಣ್ಣು ಪಕ್ಕದ ಚೆಲುವಯ್ಯನ ಮನ್ಗೆ ಮೊದ್ಲು ಬತ್ತದೆ ಕಣೆ ಮಗಾ. ನಂಗೆ ಆಮ್ಯಾಕೆ.”

“ಇಲ್ಲಿ ಟವರ್ ಸರಿ ಇಲ್ಲ ಚಿಕ್ಕಮ್ಮ,” ಅಂದೆ.

“ಅದ್ಯಾವ ಟವರೋ, ನಮ್ಮಿಬ್ರ ಮಧ್ಯೆ ಒಂದೇ ಗ್ವಾಡೆ ಇರೋದು,” ಅಂದಳು. ನಕ್ಕುಬಿಟ್ಟೆವು.

11 ಆಗಸ್ಟ್, ಸೋಮವಾರ
5.52—ಅಂಕಯ್ಯನ ಎರಡು ಮಿಸ್ಡ್ ಕಾಲ್.
5.52—ಚೆಲುವಯ್ಯನಿಗೆ ಮೆಸೇಜ್.
6.00—ಚಿಕ್ಕಮ್ಮ ಎಲೆ ಬಿಡಿಸಲು ಹೊರಟಳು.
6.17—ಚಿಕ್ಕಮ್ಮನಿಗೆ ಮೆಸೇಜ್. ಡೆಲಿವರ್ಡ್.

ಚಿಕ್ಕಮ್ಮನನ್ನು ಮಣ್ಣು ಮಾಡಿ ಬಂದೆವು. ಚೆಲುವಯ್ಯ ತಲೆ ಎತ್ತಲಿಲ್ಲ. “ಅವ್ಳು ಬಾಗ್ಲು ತೆಗ್ದಿದ್ದು ಕೇಳುಸ್ತು ಕಣವ್ವ. ನೀನು ಅವ್ಳು ಸಾಕಿದ ಮಗ್ಳು, ಅವ್ಳಿಗೇ ಮೊದ್ಲು ಬಂದಿರ್ತದೆ ಅಂದ್ಕೊಂಡೆ. ಅದ್ಕೆ ಕೂಗ್ನಿಲ್ಲ.”

ಟವರ್ ಸರಿ ಇಲ್ಲ ಅಂದೆನಲ್ಲ. ‘ಇಲ್ಲ’ ಒತ್ತಿದ ಆ ಇಪ್ಪತ್ತೆರಡು ಹೆಸರು ಆಗ ನೆನಪಾಗಲಿಲ್ಲ. ಆಗಲಿಲ್ಲವೋ, ಆಗಗೊಡಲಿಲ್ಲವೋ. ನಾಚಿಕೆಯಾಗುತ್ತಿದೆ ನನ್ನ ಮೇಲೆ.

26 ಆಗಸ್ಟ್
ಉಮಾಶಂಕರ್ ಫೋನ್. “ದುಃಖದ ವಿಷಯನೇ, ಇಲ್ಲ ಅನ್ನಲ್ಲ. ಆದ್ರೆ ಜನಕ್ಕೆ ಈಗ ಅರ್ಥ ಆಗಿದೆ ಮೇಡಂ. ಹದಿನೈದು ದಿನದಲ್ಲಿ ಮುನ್ನೂರ ನಲವತ್ತು ಹೊಸಬರು.”

ಆ ಇಪ್ಪತ್ತೈದು ನಿಮಿಷ ಕಾಯಿಸುವುದನ್ನು ತೆಗೆಯಿರಿ ಅಂದೆ. ತೆಗೆದರೆ ಮಾರುವುದೇನು ಅಂದರು. ಸರ್ವರ್ ಅವರದು, ಕರಾರಿನ ಮೇಲೆ ಸಹಿ ನನ್ನದು. ನನ್ನ ಪಾಸ್‌ವರ್ಡಿಗೆ ಒಂದೇ ಅಧಿಕಾರ—ಇಲ್ಲ ಅನ್ನುವುದನ್ನು ಹೌದು ಮಾಡುವುದು.

ಮಾಡಿದೆ. ಅಂಕಯ್ಯ ಹೌದು. ಮಾವ ಹೌದು. ಇಪ್ಪತ್ತೆರಡೂ ಹೌದು. ಮೊದಲ ಹೆಸರನ್ನು ಅಳಿಸಬೇಕಿತ್ತು. ಕೈ ಬರಲಿಲ್ಲ. ಅದಕ್ಕೂ ಹೌದು ಒತ್ತಿದೆ. ಅವಳ ಫೋನು ನನ್ನ ಡ್ರಾಯರಿನಲ್ಲಿದೆ. ದಿನಾ ಚಾರ್ಜ್ ಮಾಡುತ್ತೇನೆ, ಯಾಕೆ ಅಂತ ಕೇಳಿದರೆ ಗೊತ್ತಿಲ್ಲ.

27 ಆಗಸ್ಟ್, ಬೆಳಿಗ್ಗೆ 6
ಈಗಷ್ಟೇ. ಮಾವನ ಊರಿನಿಂದ ಇನ್ನೂ ಸುದ್ದಿಯಿಲ್ಲ. ನನ್ನ ಫೋನೂ ಸುಮ್ಮನಿದೆ. ಡ್ರಾಯರಿನೊಳಗೆ ಮಾತ್ರ ಟುಣ್ ಅಂತು. ಎಲ್ಲರಿಗಿಂತ ಮೊದಲು ಅವಳಿಗೆ. ಚಿಕ್ಕಮ್ಮ, ಒಳಗಿರು, ಬಾಗಿಲು ತೆಗೆಯಬೇಡ, ಒಳಗೇ