ಕರಿಬೇವಿನ ಕುಂಡದ ಉಪ್ಪು

ಮೆಹದಿಪಟ್ಟಣಂ, ಹೈದರಾಬಾದ್
ಭಾನುವಾರ

ಅವ್ವಾ,

ನಾನು ಫೋನ್ ಮಾಡಿದಾಗಲೆಲ್ಲ ತಂಗಿ ಗುಣವತಿ ‘ಅವ್ವ ಮಲಗ್ಯಾಳ’ ಎನ್ನುತ್ತಾಳೆ. ಹಗಲು ಹೊತ್ತಿನಲ್ಲಿ ನೆಲಕ್ಕೆ ಬೆನ್ನು ತಾಗಿಸಿದವಳಲ್ಲ ನೀನು. ಅವಳ ಮನೆಗೆ, ರಾಯಚೂರಿಗೆ ಹೋದ ಹತ್ತೇ ದಿನಕ್ಕೆ ಇಷ್ಟು ನಿದ್ದೆ ಬರುತ್ತಿದೆ ಎಂದರೆ ಅದು ನನ್ನ ದನಿ ಕೇಳಲಾರದ ನಿದ್ದೆ. ಅದಕ್ಕೇ ಕಾಗದ ಬರೆಯುತ್ತಿದ್ದೇನೆ. ಕಾಗದ ಬಂದರೆ ನೀನು ಕನ್ನಡಕ ಹುಡುಕಿ ಓದದೆ ಬಿಡುವವಳಲ್ಲ.

ನಿನ್ನೆ ಹಿಮಾಯತ್‌ನಗರಕ್ಕೆ ಹೋಗಿದ್ದೆ, ನಮ್ಮ ಹವಳ, ಮೀನಿನ ಗಾಜಿನ ತೊಟ್ಟಿಗೆ ಹೊಸ ಫಿಲ್ಟರ್ ನೋಡಲು. ಬೈಯಬೇಡ. ಮೀನು ನಾಲ್ಕೂ ಸತ್ತರೂ ಹವಳದ ಎರಡು ತುಂಡು ಇನ್ನೂ ಜೀವ ಹಿಡಿದುಕೊಂಡಿವೆ, ಬಕೆಟ್ಟಿನಲ್ಲಿ ಇಟ್ಟು ಕಾಯುತ್ತಿದ್ದೇನೆ. ಮುನ್ನೂರು ಲೀಟರಿನ ತೊಟ್ಟಿಗೆ ಯಾವುದು ಸರಿ ಎಂದು ಅಂಗಡಿಯ ಮಲ್ಲಪ್ಪನವರನ್ನು ಕೇಳಿದೆ. ಬೀದರಿನ ಕಡೆಯವರು, ಇಪ್ಪತ್ತು ವರ್ಷದಿಂದ ಕಡಲ ಮೀನಿನದೇ ವ್ಯಾಪಾರ. ಗಾಜಿನ ಬೆನ್ನಿಗೆ ನೇತುಹಾಕುವ ಫಿಲ್ಟರ್ ತೋರಿಸಿ, ನಿಮ್ಮದಕ್ಕೆ ಇದು ಸಾಲದು ಎಂದರು. ಡಬ್ಬಿಯಂಥ ಕ್ಯಾನಿಸ್ಟರ್ ಒಂದಿತ್ತು, ಸದ್ದೇ ಇಲ್ಲ. ನನಗೆ ಅದರ ಮೇಲೆ ಮನಸ್ಸಾಯಿತು. ವಾರವಾರ ಬಿಚ್ಚಿ ತೊಳೆಯದಿದ್ದರೆ ಒಳಗೆ ಕೂತ ಕೊಳೆಯೇ ನೀರು ಕೆಡಿಸುತ್ತದೆ, ಹವಳ ಅದನ್ನು ತಡೆಯುವುದಿಲ್ಲ ಎಂದರು. ಕೊನೆಗೆ ಉಳಿದದ್ದು ನಮ್ಮಲ್ಲಿದ್ದಂಥದ್ದೇ: ತೊಟ್ಟಿಯ ಕೆಳಗೆ ಸಂಪ್ ಎಂಬ ಸಣ್ಣ ತೊಟ್ಟಿ, ಅದರಲ್ಲಿ ನೊರೆಯೆಬ್ಬಿಸಿ ಕೊಳೆ ತೆಗೆಯುವ ಸ್ಕಿಮ್ಮರ್, ನೀರನ್ನು ಮತ್ತೆ ಮೇಲಕ್ಕೆ ಕಳಿಸುವ ಪಂಪು. ಅದನ್ನು ತೋರಿಸುತ್ತ ಕೇಳಿದರು: ‘ಹ್ವಾದ ಸಲ ಏನಾಗಿತ್ರಿ ಸಾಹೇಬ್ರ? ಅದು ಗೊತ್ತಾದರ ನಿಮಗ ಯಾವುದು ಬೇಕು ಹೇಳತೀನಿ.’

‘ನಮ್ಮ ಅವ್ವ ವಾಲ್ವ್ ಬಂದ್ ಮಾಡಿಬಿಟ್ಟಳ್ರಿ,’ ಎಂದೆ. ಸಲೀಸಾಗಿ ಬಾಯಿಗೆ ಬಂತು. ಎರಡು ವಾರದಿಂದ ಎಲ್ಲರಿಗೂ ಅದನ್ನೇ ಹೇಳಿ ನಾಲಿಗೆ ಪಳಗಿತ್ತು.

ಅವರು ಕೈಲಿದ್ದ ಪೈಪನ್ನು ಕೆಳಗಿಟ್ಟರು. ‘ಯಾಕ ಬಂದ್ ಮಾಡಿದ್ರು?’

ಮಗನಾಗಿ ನಾನು ಕೇಳದ ಮಾತನ್ನು ಅಂಗಡಿಯವರು ಕೇಳಿದರು ಅವ್ವಾ. ಪಟಾನ್‌ಚೆರುವಿನ ಫ್ಯಾಕ್ಟರಿಯಲ್ಲಿ ನನ್ನ ಕೆಲಸವೇ ಅದು. ಔಷಧಿಯ ಒಂದು ಬ್ಯಾಚ್ ಕೆಟ್ಟರೆ ಯಾಕೆ ಕೆಟ್ಟಿತೆಂದು ಹುಡುಕುವುದು. ‘ಕೆಲಸಗಾರನ ತಪ್ಪು’ ಎಂದಷ್ಟೇ ಬರೆದ ವರದಿ ಬಂದರೆ ವಾಪಸ್ ಕಳಿಸುತ್ತೇನೆ. ಆತ ಹಾಗೆ ಯಾಕೆ ಮಾಡಿದ, ಮೊದಲು ಅದನ್ನು ಬರೆಯಿರಿ ಎನ್ನುತ್ತೇನೆ. ಮೀನು ಸತ್ತ ಆ ಸೋಮವಾರ ಮಾತ್ರ ನನ್ನ ಬುದ್ಧಿಯನ್ನು ಕಂಪನಿ ಬಸ್ಸಿನಲ್ಲೇ ಬಿಟ್ಟು ಇಳಿದಿದ್ದೆ.

ಅದಕ್ಕೂ ಎರಡು ದಿನ ಮುಂಚೆ ನೀನು ಹೇಳಿದ್ದೆ: ‘ಸೂಗಾ, ಆ ಪೈಪಿನ ಸಣ್ಣ ಸದ್ದು ನಿಂತೈತಿ ನೋಡೋ.’ ನೀರು ಮೇಲಕ್ಕೆ ಬರುವ ಪೈಪಿನಲ್ಲಿ ಸೂಜಿಯಂಥ ಒಂದು ತೂತು ಇರುತ್ತದೆ. ಅದರಿಂದ ಸದಾ ಒಂದಿಷ್ಟು ನೀರು ಚಿಮ್ಮುತ್ತಿರುತ್ತದೆ. ಕರೆಂಟ್ ಹೋದಾಗ ಆ ತೂತಿನಿಂದ ಗಾಳಿ ಒಳಹೊಕ್ಕರೆ ತೊಟ್ಟಿಯ ನೀರು ಹಿಂದಕ್ಕೆ, ಸಂಪಿಗೆ ಇಳಿಯುವುದು ನಿಲ್ಲುತ್ತದೆ. ತೂತಿಗೆ ಪಾಚಿ ಕಟ್ಟಿತ್ತು. ದಿನ ಬಿಟ್ಟು ದಿನ ಬರುವ ನಳದ ನೀರಿಗೆ ನಲವತ್ತು ವರ್ಷ ಕಿವಿಕೊಟ್ಟು ಬದುಕಿದವಳು ನೀನು, ನೀರಿನ ಸದ್ದು ಬದಲಾದರೆ ನಿನಗೆ ತಿಳಿಯದೆ ಇನ್ನಾರಿಗೆ ತಿಳಿದೀತು? ನಾನು ‘ಛಲೋ ಆತು ಬಿಡು, ಕಿರಿಕಿರಿ ತಪ್ಪಿತು’ ಎಂದು ಪೇಪರ್ ತಿರುವಿದೆ.

ಸೋಮವಾರ ಮಧ್ಯಾಹ್ನ ಕರೆಂಟ್ ಹೋಯಿತು. ಮನೆಯಲ್ಲಿ ನೀನೊಬ್ಬಳೇ. ಸಂಪ್ ತುಂಬಿ ನೀರು ನೆಲಕ್ಕೆ ಹರಿಯಿತು, ನಾನು ನೆಲದ ಮೇಲೇ ಬಿಟ್ಟಿದ್ದ ಸ್ವಿಚ್ ಬೋರ್ಡಿನ ಕಡೆಗೆ. ಕರೆಂಟ್ ಬರುವಷ್ಟರಲ್ಲಿ ಅದಕ್ಕೆ ನೀರು ಮುಟ್ಟಿದ್ದರೆ ನಿನ್ನ ಜೀವಕ್ಕೇ ಕುತ್ತು ಬರುತ್ತಿತ್ತು. ನೀನು ಆ ಪೈಪಿನ ವಾಲ್ವ್ ಮುಚ್ಚಿದೆ, ನೀರು ನಿಂತಿತು. ಆ ಮಂಡಿನೋವಿನಲ್ಲಿ ಕುಕ್ಕರಗಾಲಲ್ಲಿ ಕೂತು ನೆಲವನ್ನೆಲ್ಲ ಬಟ್ಟೆಯಿಂದ ಹಿಂಡಿ ಒರೆಸಿದೆ. ಕರೆಂಟ್ ಬಂದ ಮೇಲೆ ಮುಚ್ಚಿದ ವಾಲ್ವಿನಿಂದಾಗಿ ನೀರು ಮೇಲೆ ಬರಲಿಲ್ಲ. ಏಪ್ರಿಲ್ ಬಿಸಿಲಿಗೆ ತೊಟ್ಟಿಯ ನೀರು ನಿಂತಲ್ಲೇ ಕಾದು ಮೀನಿಗೆ ಉಸಿರು ಸಿಗಲಿಲ್ಲ. ಸಂಜೆ ನಾನು ಬಂದಾಗ ಕಂಡದ್ದು ಸತ್ತ ಮೀನು, ಮುಚ್ಚಿದ ವಾಲ್ವ್, ಒಣಗಿ ಹೊಳೆಯುವ ನೆಲ.

‘ನೀರು ಹೊರಗ ಬಂದಿತ್ತಪಾ,’ ಎಂದೆ ನೀನು. ನಾನು ನೆಲ ಮುಟ್ಟಿ, ‘ಎಲ್ಲೈತಿ ನೀರು? ತೋರಸು,’ ಎಂದೆ. ಆಮೇಲೆ ನಿನ್ನ ಸೊಸೆ ಶುಭಾ, ಮೊಮ್ಮಗಳು ಶರ್ವರಿ ಇಬ್ಬರೂ ನೋಡುತ್ತಿರುವಾಗಲೇ, ‘ಇನ್ನ ಮ್ಯಾಲ ಈ ಮನ್ಯಾಗ ಏನೂ ಮುಟ್ಟಬ್ಯಾಡ!’ ಎಂದು ಕೂಗಿದೆ.

ನೀನು ಮುಟ್ಟಲಿಲ್ಲ. ಫ್ಯಾನ್ ಬೇಕಾದರೆ ಶರ್ವರಿಯನ್ನು ಕರೆದೆ, ಕುಡಿಯುವ ನೀರು ಬೇಕಾದರೆ ಶುಭಾ ಬರುವತನಕ ಕಾದೆ. ಈಗ ಅಲ್ಲಿಯೂ ಟಿವಿ ಹಚ್ಚುವುದಕ್ಕೆ ಮಗಳ ಅಪ್ಪಣೆ ಕೇಳುತ್ತೀಯಂತೆ. ಗುಣವತಿ ಅದನ್ನು ಹೇಳಿ ಅತ್ತಳು. ನೀನು ಇಲ್ಲಿಗೆ ಬರುವುದು ಬಿಡುವುದು ನಿನ್ನ ಇಷ್ಟ, ಆದರೆ ಆ ಮಾತು ನಿನ್ನ ಮೈಯಿಂದ ಇಳಿಯಬೇಕು ಅವ್ವಾ. ನನಗೆ ಬೇಕಾದದ್ದು ಅದೊಂದೇ. ಅದಕ್ಕೆ ಉಳಿದದ್ದನ್ನೂ ಹೇಳಿಬಿಡುತ್ತೇನೆ.

ಬುಧವಾರ ಬೆಳಿಗ್ಗೆ ಬಸ್ಸಿಗೆ ಹೊರಡುವ ಮುಂಚೆ ಬಾಲ್ಕನಿಗೆ ಹೋಗಿದ್ದೆ. ನಿನ್ನ ಕರಿಬೇವಿನ ಗಿಡ ತಲೆ ಬಗ್ಗಿಸಿತ್ತು, ಕುಂಡದ ಮಣ್ಣಿನ ಮೇಲೆ ಬಿಳಿ ಪುಡಿ. ಬೆರಳಿಗೆ ಹಚ್ಚಿ ನಾಲಿಗೆಗೆ ಇಟ್ಟುಕೊಂಡೆ, ಉಪ್ಪು. ನೀರನ್ನು ಮೋರಿಗೆ ಚೆಲ್ಲಿ ಗೊತ್ತಿಲ್ಲದವಳು ನೀನು. ಒರೆಸಿ ಹಿಂಡಿದ ತೊಟ್ಟಿಯ ಉಪ್ಪುನೀರನ್ನು ಬಕೆಟ್ಟಿನಲ್ಲಿ ಹಿಡಿದು ಗಿಡಕ್ಕೆ ಹಾಕಿದ್ದೆ. ಒಳಗೆ ಬಂದು ಸ್ಟೂಲ್ ಹತ್ತಿ ಪೈಪಿನ ತೂತಿಗೆ ಪಿನ್ ಚುಚ್ಚಿದೆ. ಹಸಿರು ಬಿರಡೆಯಂಥದ್ದು ಹೊರಬಂತು. ನೀನು ಪಡಸಾಲೆಯಲ್ಲಿ ಚಹಾಕ್ಕಾಗಿ ಕಾಯುತ್ತ ಕೂತಿದ್ದೆ. ನಾನು ಚಪ್ಪಲಿ ಮೆಟ್ಟಿಕೊಂಡು ಆಫೀಸಿಗೆ ಹೋದೆ.

ಗುರುವಾರವೂ ಸುಮ್ಮನಿದ್ದೆ. ಶುಕ್ರವಾರ ನಿನ್ನ ಚೀಲ ಹೊತ್ತು ಬಸ್ ಹತ್ತಿಸಿ, ‘ಹುಷಾರಾಗಿ ಹೋಗು’ ಎಂದೆ. ಯಾಕೆ ಸುಮ್ಮನಿದ್ದೆ? ಹೇಳಿದರೆ ಮೀನು ಕೊಂದವನು ಅಪ್ಪ ಎಂದು ಶರ್ವರಿಗೆ ಗೊತ್ತಾಗುತ್ತಿತ್ತು. ತಪ್ಪು ನಿನ್ನ ಮೇಲೆ ಇದ್ದರೆ ಇರಲಿ, ಅವ್ವ ಹೇಗಿದ್ದರೂ ಕ್ಷಮಿಸುತ್ತಾಳೆ ಎಂದುಕೊಂಡೆ. ಇದನ್ನು ಬರೆಯುವಾಗ ನನ್ನ ಮೇಲೆ ನನಗೇ ಹೇಸಿಗೆ ಬರುತ್ತಿದೆ.

ಮಲ್ಲಪ್ಪನವರಿಗೆ ಕೊನೆಗೆ ನಿಜ ಹೇಳಿದೆ. ಸಂಪೇ ಇರಲಿ, ಆದರೆ ಇಳಿದ ನೀರನ್ನೆಲ್ಲ ಹಿಡಿಯುವಷ್ಟು ದೊಡ್ಡದು ಬೇಕು, ತೂತು ಒಂದಲ್ಲ ಎರಡು ಬೇಕು ಎಂದರು. ‘ಕರೆಂಟ್ ಹ್ವಾದರ ನೀರು ಎಲ್ಲಿಗಿ ಹೋಗತೈತಿ, ಅದನ್ನ ಮೊದಲು ನೋಡಬೇಕ್ರಿ.’ ನಾನು ದುಡ್ಡು ತೆಗೆಯಲು ಹೋದರೆ ತಡೆದರು. ‘ಮೊದಲು ಮನಿಯವರಿಗೆ ಹೇಳ್ರಿ. ಸಂಪ್ ಎಲ್ಲೂ ಓಡಿ ಹೋಗಂಗಿಲ್ಲ.’

ಇಲ್ಲಿಗೆ ಬರೆಯುವುದನ್ನು ನಿಲ್ಲಿಸಿ, ಈಗಷ್ಟೇ ಊಟಕ್ಕೆ ಕೂತಾಗ ಶುಭಾಗೂ ಶರ್ವರಿಗೂ ಇಷ್ಟನ್ನೂ ಓದಿ ಹೇಳಿದೆ. ಎಲ್ಲರೆದುರು ಬೈದವನು ಎಲ್ಲರೆದುರೇ ಒಪ್ಪಿಕೊಳ್ಳಬೇಕಿತ್ತು. ಶುಭಾ ಬಡಿಸುವುದನ್ನು ಬಿಟ್ಟು ನನ್ನ ಮುಖ ನೋಡಿದಳು. ಶರ್ವರಿ, ‘ಬುಧವಾರಾನ ಗೊತ್ತಿತ್ತೇನಪ್ಪಾ ನಿನಗ?’ ಎಂದಳು. ಹೌದು ಎಂದೆ. ‘ಶುಕ್ರವಾರ ಅಜ್ಜಿ ಬಾಗಲದಾಗ ನಿಂತು ಮೂರು ಸಲ ಕರದ್ರೂ ನಾ ಸಿಟ್ಟಿಲೆ ಹೊರಗ ಬರಲಿಲ್ಲ. ನೀ ಅಲ್ಲೇ ನಿಂತಿದ್ದಿ,’ ಎಂದಳು. ತಾಟು ಬಿಟ್ಟು ಎದ್ದು ಹೋದಳು. ಈಗ ಒಳಗೆ ಬಟ್ಟೆ ತುಂಬಿಕೊಳ್ಳುತ್ತಿದ್ದಾಳೆ. ಶನಿವಾರ ಶುಭಾ ಅವಳನ್ನು ನಿನ್ನಲ್ಲಿಗೆ ಕರೆತರುತ್ತಾಳೆ. ನಾನು ಜೊತೆಗೆ ಬರಬಾರದಂತೆ.

ಆಶೀರ್ವಾದ ಬೇಡುವ ಮುಖ ನನಗಿಲ್ಲ. ನನ್ನ ಪಾಲಿನದನ್ನೂ ಮೊಮ್ಮಗಳಿಗೇ ಕೊಡು. ನೀನು ನೂರು ಕಾಲ ಸುಖವಾಗಿರು.

ನಿನ್ನ ಮಗ,
ಸೂಗಪ್ಪ