ಉಡಿ ತುಂಬಿಸಿಕೊಂಡು ಶಹಾಪುರದವರೆಗೆ

ಶಹಾಪುರ
೭ ಏಪ್ರಿಲ್ ೨೦೨೫, ಸೋಮವಾರ

ಸುನಿತಾಳ ಅಪ್ಪನವರಿಗೆ,

ಭುವನೇಶ್ವರಿಯ ನಮಸ್ಕಾರಗಳು. ಮದುವೆಯಾಗಿ ಇಷ್ಟು ವರ್ಷವಾದರೂ ನಿಮ್ಮ ಹೆಸರು ಬರೆಯಲು ಕೈ ಬರುವುದಿಲ್ಲ. ಮಸ್ಕತ್ತಿನ ಆಸ್ಪತ್ರೆಯ ಕೌಂಟರಿನಲ್ಲಿ ಗಂಡನ ಹೆಸರು ಕೇಳಿದಾಗ ಪಕ್ಕದ ಮನೆಯ ಫರ್ಹೀನಳನ್ನು ಮುಂದೆ ತಳ್ಳಿ ಹೇಳಿಸಿದವಳು ನಾನು, ನಿಮಗೆ ಗೊತ್ತೇ ಇದೆ. ನಿಮ್ಮ ಮೊಣಕಾಲು ಹೇಗಿದೆ? ಬಿ.ಪಿ. ಮಾತ್ರೆಯ ಡಬ್ಬಿಯನ್ನು ಫ್ರಿಜ್ಜಿನ ಮೇಲೆ ಇಟ್ಟು ಬಂದಿದ್ದೇನೆ. ಅದನ್ನು ದಿನಾ ನೋಡಿದರೆ ರಕ್ತದೊತ್ತಡ ಇಳಿಯುವುದಿಲ್ಲ, ನುಂಗಬೇಕು. ರಾತ್ರಿ ಬ್ರೆಡ್ಡು ತಿಂದು ಊಟವಾಯಿತು ಎಂದು ಸುಳ್ಳು ಹೇಳುತ್ತಿದ್ದೀರೆಂದು ಫರ್ಹೀನ್ ಸುದ್ದಿ ಮುಟ್ಟಿಸಿದ್ದಾಳೆ. ನಾನು ಆರಾಮಾಗಿದ್ದೇನೆ. ಸುನಿತಾಳೂ ಕಲಬುರಗಿಯ ಹಾಸ್ಟೆಲಿನಲ್ಲಿ ಆರಾಮಾಗಿದ್ದಾಳೆ, ಹಾಸ್ಟೆಲಿನ ಸಾರು ಮಾತ್ರ ಆರಾಮಿಲ್ಲವಂತೆ.

ಮೇಲೆ ರಂಗಂಪೇಟೆ ಎಂದಿರದೆ ಶಹಾಪುರ ಎಂದಿರುವುದನ್ನು ಕಂಡು ನೀವು ಕನ್ನಡಕ ಒರೆಸಿಕೊಂಡಿರುತ್ತೀರಿ. ಸರಿಯಾಗಿಯೇ ಓದಿದ್ದೀರಿ. ಫೋನಿನಲ್ಲಿ ಹೇಳಬಹುದಿತ್ತು. ಆದರೆ ಫೋನಿನಲ್ಲಿ ನೀವು ಎಲ್ಲದಕ್ಕೂ "ಹ್ಞೂಂ" ಎನ್ನುತ್ತೀರಿ. ಮನೆ ಬಿದ್ದಿತು ಎಂದರೂ ಹ್ಞೂಂ, ಎದ್ದಿತು ಎಂದರೂ ಹ್ಞೂಂ. ಈ ಸಂಗತಿಗೆ ಆ ಹ್ಞೂಂ ಸಾಲದು. ಫರ್ಹೀನಳ ತಮ್ಮ ಫಿರೋಜ್ ಹಬ್ಬದ ರಜೆ ಮುಗಿಸಿ ಇಂದು ಸಂಜೆ ಇಲ್ಲಿಂದ ಮಸ್ಕತ್ತಿಗೆ ಹೊರಡುತ್ತಾನೆ, ನಾಳೆ ನಿಮ್ಮ ಕೈಗೆ ಇದನ್ನು ಕೊಡುತ್ತಾನೆ. ದಯವಿಟ್ಟು ಕೂತು ಓದಿ.

ನಾನು ವಿಮಾನ ಹತ್ತುವ ಮುಂಚೆ ನಾವು ಮಾಡಿಕೊಂಡ ಒಪ್ಪಂದವನ್ನು ನೆನಪಿಸುತ್ತೇನೆ. ನಾನು ಕೆಲಸಕ್ಕಿದ್ದ ಹೊಲಿಗೆ ಅಂಗಡಿಯ ಯಜಮಾನಿ ವಯಸ್ಸಾಯಿತೆಂದು ಬಾಗಿಲು ಮುಚ್ಚಿದಳು. ನಿಮ್ಮ ಸ್ಟೋರ್ ಕೀಪರ್ ಕೆಲಸದ ಕರಾರು ಈ ತಿಂಗಳ ಕೊನೆಗೆ ಮುಗಿಯುತ್ತದೆ. ಬಾಲ್ಕನಿಯಲ್ಲಿ ಚಹಾ ಕುಡಿಯುತ್ತ ನಾನು "ಸಾಕು" ಎಂದೆ, ನೀವು ಹ್ಞೂಂ ಎಂದಿರಿ. ಹದಿನಾರು ವರ್ಷದ ಪರದೇಶವಾಸ ಅಷ್ಟರಲ್ಲೇ ಇತ್ಯರ್ಥವಾಯಿತು. ನಿಮ್ಮ ಸೈದಾಪುರದ ಮನೆಯನ್ನು ಅಣ್ಣತಮ್ಮಂದಿರು ಹಂಚಿಕೊಂಡು ನಿಮ್ಮ ಪಾಲಿಗೆ ಬೇವಿನ ಗಿಡದ ನೆರಳನ್ನಷ್ಟೇ ಉಳಿಸಿದ್ದಾರೆ. ಅದಕ್ಕೆ ನಾನು ಮುಂದಾಗಿ ರಂಗಂಪೇಟೆಗೆ ನಮ್ಮ ಚನ್ನಯ್ಯ ಅಣ್ಣನ ಮನೆಗೆ ಹೋಗುವುದು, ಇನ್ನು ಇಲ್ಲೇ ಇರುತ್ತೇವೆ ಎಂದು ಹೇಳುವುದು, ಅಣ್ಣನ ಕೈಲಿ ಒಂದು ಬಾಡಿಗೆ ಮನೆ ಹುಡುಕಿಸುವುದು, ಮುಂದಿನ ಕೋಣೆಯಲ್ಲಿ ಹೊಲಿಗೆ ಯಂತ್ರ ಇಡುವುದು, ಆಮೇಲೆ ನೀವು ಬರುವುದು. ಇಷ್ಟರಲ್ಲಿ ನಾನು ಮಾಡಿದ್ದು ಮೊದಲನೆಯದು ಮಾತ್ರ. ಹೋದೆ.

ಅಣ್ಣನ ಮನೆಯ ಬಾಗಿಲಲ್ಲಿ ಆಟೋ ಇಳಿದೆ. ಹಂಪಮ್ಮ ವೈನಿ ತಂಬಿಗೆ ಹಿಡಿದು ಓಡಿ ಬಂದಳು. ಕಾಲಿಗೆ ನೀರು ಬೀಳುವ ಮೊದಲೇ ಪ್ರಶ್ನೆ ಬಿತ್ತು: "ಬಾ ಬಾ ನಮ್ಮವ್ವಾ, ಎಷ್ಟ ದಿನಾ ರಜಾ ಅದ ಈ ಸಲ?" ರಜೆಯಲ್ಲ ವೈನಿ, ಬಂದುಬಿಟ್ಟೆ ಎನ್ನಬೇಕಿತ್ತು. ವಿಮಾನದಲ್ಲಿ, ರೈಲಿನಲ್ಲಿ, ಯಾದಗಿರಿಯಿಂದ ಬಸ್ಸಿನಲ್ಲಿ ಬಾಯಿಪಾಠ ಮಾಡಿಕೊಂಡು ಬಂದ ಮಾತು ಅದು. ಆದರೆ ಅವಳ ಮುಖದಲ್ಲಿ ಎಂಥ ಸಂಭ್ರಮವಿತ್ತೆಂದರೆ, ನನ್ನ ಬಾಯಿಂದ ಬಂದದ್ದು "ನೋಡೂಣು ವೈನಿ" ಎಂಬ ಎರಡೇ ಶಬ್ದ. ನಮ್ಮ ದೇಶದ ದೊಡ್ಡ ದೊಡ್ಡ ಕೆಲಸಗಳೆಲ್ಲ ನಿಂತಿರುವುದು ಆ ನೋಡೋಣದ ಮೇಲೆಯೇ ಅಲ್ಲವೇ? ನನ್ನದೂ ಅಲ್ಲೇ ನಿಂತಿತು.

ಆಮೇಲೆ ರಾಜೋಪಚಾರ ಶುರುವಾಯಿತು. ಮನೆಯ ಒಂದೇ ಕೂಲರನ್ನು ನನ್ನ ಮಂಚದ ಹತ್ತಿರ ತಂದಿಟ್ಟರು. ಅಣ್ಣನ ಮಗಳು ಚಾಪೆ ಹಿಡಿದು ಪಡಸಾಲೆಗೆ ಹೋದಳು. ಅಟ್ಟದಿಂದ ಹೊಸ ಚಾದರ ಇಳಿಯಿತು. ಚಹಾ ಕುಡಿದ ಕಪ್ಪನ್ನು ನಾನೇ ತೊಳೆಯಲು ಹೋದರೆ "ಏ, ಬಿಡಬೇ, ನಾಕ ದಿನಾ ಇರಾಕಿ, ನಿನಗ್ಯಾಕ ಅದು!" ಎಂದು ಕೈಯಿಂದ ಕಸಿದುಕೊಂಡಳು. ಮೊದಮೊದಲು ಹಿತವಾಗಿತ್ತು, ಸುಳ್ಳು ಯಾಕೆ ಹೇಳಲಿ. ಹದಿನಾರು ವರ್ಷ ಕಪ್ಪು ಬಟ್ಟೆಗೆ ಕಪ್ಪು ದಾರ ಹಾಕಿ ಅಬಾಯಾ ಹೊಲಿದ ಕಣ್ಣುಗಳಿಗೆ ಬರೀ ಅಂಗಳದ ಬಿಸಿಲನ್ನು ನೋಡುತ್ತ ಕೂರುವುದು ದೊಡ್ಡ ಪದವಿಯೇ. ಯುಗಾದಿಗೆ ಹೋಳಿಗೆ ತಿಂದೆ. ಆದರೆ ಅತಿಥಿಯಾಗಿರುವುದು ಎಷ್ಟು ದಣಿವಿನ ಕೆಲಸ ಎಂದು ಯಾರೂ ಹೇಳುವುದಿಲ್ಲ. ಬೆಳಗಿನಿಂದ ಸಂಜೆಯವರೆಗೆ ಸಂತೋಷವಾಗಿ ಕಾಣಿಸಬೇಕು, ಅದಕ್ಕೆ ವಾರದ ರಜೆಯೂ ಇಲ್ಲ.

ಮತ್ತು ಆ ಪ್ರಶ್ನೆ. ಹಾಲು ಹಾಕುವವನು ಕೇಳಿದ. ಬಳೆ ಇಡಿಸಿಕೊಳ್ಳಲು ಹೋದರೆ ಬಳೆಗಾರ್ತಿ ಕೇಳಿದಳು. ಗುಡಿಯಲ್ಲಿ ವಿಭೂತಿ ಹಚ್ಚುತ್ತ ಅಯ್ಯನವರು ಕೇಳಿದರು. ಎದುರು ಮನೆಯ ಹಣಮಂತಮ್ಮನಂತೂ ಕೇಳುವುದನ್ನು ದಿನದ ಪೂಜೆಯಲ್ಲಿ ಸೇರಿಸಿಕೊಂಡಿದ್ದಳು: "ಯಾವಾಗ ಹೊಂಟಿ ಭುವನವ್ವಾ? ಹೋದ ಮ್ಯಾಲ ಯಾರರೆ ಬರಾರ ಕೈಯಾಗ ಆ ಹಸರ ಎಣ್ಣಿ ಕಳಸಬೇ, ನನ್ನ ಸೊಂಟಾ ಅದಕ್ಕೇ ಕಾದದ." ಅವರದು ತಪ್ಪಲ್ಲ. ನಾವು ಯಾವಾಗಲೂ ಹೋಗುವವರಾಗಿಯೇ ಬಂದಿದ್ದೆವು. ವಿಚಿತ್ರವೆಂದರೆ ಮಸ್ಕತ್ತಿನಲ್ಲೂ ಇದೇ ಪ್ರಶ್ನೆ. ಕಿರಾಣಿ ಅಂಗಡಿಯವನು, ಮನೆಯ ಮಾಲೀಕ, ನಮ್ಮ ಯಜಮಾನಿ, ಎಲ್ಲರೂ "ಊರಿಗೆ ಯಾವಾಗ?" ಎಂದೇ ಕೇಳುತ್ತಿದ್ದರು. ಎರಡು ದೇಶಗಳಿಗೆ ಬೇರೆ ಯಾವ ವಿಷಯದಲ್ಲಿ ಹೊಂದಾಣಿಕೆ ಇದೆಯೋ ಕಾಣೆ, ನನ್ನನ್ನು ಕಳಿಸುವ ವಿಷಯದಲ್ಲಿ ಮಾತ್ರ ಒಮ್ಮತವಿದೆ.

ಇನ್ನು ಮುಖ್ಯ ಪ್ರಕರಣಕ್ಕೆ ಬರುತ್ತೇನೆ. ಹೋದ ಬುಧವಾರ ಹಣಮಂತಮ್ಮ ಬಾಗಿಲಲ್ಲಿ ಕೂತು ಅದನ್ನೇ ಕೇಳಿದಾಗ, ಅವಳ ಬಾಯಿ ಮುಚ್ಚಿಸಲು "ಈ ವಾರದಾಗ ಹೊಂಡಬೇಕೇನೋ" ಎಂದುಬಿಟ್ಟೆ. ಅಷ್ಟೇ. ಆ ಮಾತು ಅಡುಗೆಮನೆಗೆ ಹೋಗಿ ವೈನಿಯ ಕಿವಿಯಲ್ಲಿ ಪಂಚಾಂಗವಾಯಿತು. ಮರುದಿನ ಮುಂಜಾನೆ ಅವಳು ಲೆಕ್ಕ ಹಾಕಿ ಘೋಷಿಸಿದಳು: "ನಾಳಿ ಶುಕ್ರವಾರ, ಹೆಣ್ಣಮಗಳನ ಮನಿಂದ ಕಳಸಬಾರ್ದು. ಶನಿವಾರ ನಿನ್ನ ಇಮಾನಾ ಇರಬೇಕು. ಅಂದ್ರ ಇವತ್ತೇ ಹೊಂಡಬೇಕಲ್ಲವಾ ನೀ! ಮದಲೇ ಹೇಳಬಾರ್ದೇನು?" ನಾನು ಬಾಯಿ ತೆರೆಯುವಷ್ಟರಲ್ಲಿ ಅವಳು ಓಣಿಯ ಹೆಂಗಸರನ್ನೆಲ್ಲ ಕರೆಯಲು ಹೋಗಿಯಾಗಿತ್ತು.

ಮಧ್ಯಾಹ್ನಕ್ಕೆ ಪಡಸಾಲೆ ತುಂಬಿತು. ನನ್ನನ್ನು ಮಣೆಯ ಮೇಲೆ ಕೂರಿಸಿದರು. ಸೆರಗು ಹಿಡಿದೆ. ಅಕ್ಕಿ ಬಿತ್ತು, ಕೊಬ್ಬರಿ ಬಟ್ಟಲು ಬಿತ್ತು, ಅರಿಶಿಣದ ಕೊಂಬು, ಎಲೆ ಅಡಿಕೆ, ಮೇಲೆ ಹಸಿರು ಖಣ. ಈಗ ಹೇಳುತ್ತೇನೆ, ಈಗ ಹೇಳುತ್ತೇನೆ ಎಂದು ಪ್ರತಿ ಹಿಡಿ ಅಕ್ಕಿಗೂ ಅಂದುಕೊಂಡೆ. ಅಷ್ಟರಲ್ಲಿ ವೈನಿ ಅಳಲು ಶುರು ಮಾಡಿದಳು. ತೋರಿಕೆಯ ಅಳುವಲ್ಲ. ಪ್ರತಿ ಸಲವೂ ಹೀಗೆಯೇ ಅಳುತ್ತಾಳೆ, ಮೂಗು ಕೆಂಪಾಗುವ ಹಾಗೆ. "ಹೆಣ್ಣಮಗಳಂದ್ರ ಇಷ್ಟ ನೋಡ, ಬಂದಂಗ ಮಾಡತದ, ಹೋಗೇಬಿಡತದ" ಎಂದಳು. ಹಾಗೆ ಅಳುವವಳ ಎದುರು ಕೂತು, ವೈನಿ ಸುಮ್ಮನಿರು, ಈ ಸಲ ನಾನು ಹೋಗುತ್ತಿಲ್ಲ ಎಂದು ಹೇಗೆ ಹೇಳಲಿ? ಎಲ್ಲರೂ ಅಳತೊಡಗಿದರು. ಯಾರಿಗಿಂತಲೂ ಕಡಿಮೆಯಾಗಬಾರದೆಂದು ನಾನೂ ಅತ್ತೆ. ನನ್ನದೂ ನಿಜವಾದ ಅಳುವೇ ಆಗಿತ್ತು, ಯಾವುದಕ್ಕೆ ಎಂದು ಮಾತ್ರ ಕೇಳಬೇಡಿ. ಉಡಿ ತುಂಬಿಸಿಕೊಂಡ ಮೇಲೆ ಹೊಸ್ತಿಲು ದಾಟಲೇಬೇಕು, ಹೊರಳಿ ಮನೆಯಲ್ಲಿ ಕೂರುವ ಹಾಗಿಲ್ಲ. ದಾಟಿದೆ. ಅಣ್ಣ ಎರಡು ಸೂಟ್‌ಕೇಸುಗಳ ಜೊತೆ ನನ್ನನ್ನು ಯಾದಗಿರಿ ಬಸ್ಸಿಗೆ ಹತ್ತಿಸಿ, "ಮುಟ್ಟಿದ ಕೂಡ್ಲೇ ಫೋನ್ ಮಾಡು" ಎಂದು ಕೈಬೀಸಿದ. ಎಲ್ಲಿಗೆ ಮುಟ್ಟಬೇಕೋ ನನಗೇ ಗೊತ್ತಿರಲಿಲ್ಲ.

ಬಸ್ಸು ಶಹಾಪುರಕ್ಕೆ ಬಂತು. ಊರ ಗುಡ್ಡ ಎಂದಿನಂತೆ ಬುದ್ಧನ ಹಾಗೆ ಅಂಗಾತ ಮಲಗಿತ್ತು. ಯಾರೂ ಅದಕ್ಕೆ ಯಾವಾಗ ಏಳುತ್ತೀ ಎಂದು ಕೇಳಿದಂತೆ ಕಾಣಲಿಲ್ಲ. ನನಗೆ ಹೊಟ್ಟೆಕಿಚ್ಚಾಯಿತು, ಇಳಿದುಬಿಟ್ಟೆ. ಫರ್ಹೀನ್ ಇದೇ ಊರಿನಲ್ಲಿರುವ ತನ್ನ ತಾಯಿಗೆಂದು ಕೊಟ್ಟ ಖರ್ಜೂರದ ಪೊಟ್ಟಣ ಇನ್ನೂ ನನ್ನ ಚೀಲದಲ್ಲೇ ಇತ್ತು. ಅದನ್ನು ಕೊಟ್ಟು ಚಹಾ ಕುಡಿದು, ಮುಂದಿನದನ್ನು ಆಮೇಲೆ ಯೋಚಿಸೋಣ ಎಂದು ಅವರ ಮನೆಯ ಬಾಗಿಲು ಬಡಿದೆ. ಆ ಚಹಾವನ್ನು ಇನ್ನೂ ಕುಡಿಯುತ್ತಿದ್ದೇನೆ. ಅಂದಿನಿಂದ ಇಲ್ಲೇ ಇದ್ದೇನೆ. ಅಣ್ಣನಿಗೆ "ಮುಟ್ಟಿದೆ" ಎಂದು ಮೆಸೇಜು ಹಾಕಿದೆ. ಸುಳ್ಳಲ್ಲ, ಊರಿನ ಹೆಸರು ಹಾಕಲಿಲ್ಲ.

ಫರ್ಹೀನಳ ಅಪ್ಪ ನಸೀರುದ್ದೀನ ಚಾಚಾ ನನ್ನ ಸೂಟ್‌ಕೇಸುಗಳನ್ನೂ ಮಡಿಲಿನ ಅಕ್ಕಿಯನ್ನೂ ನೋಡಿದರು. ಕೇಳಿದ್ದು ಒಂದೇ: "ಊಟ ಆಗ್ಯಾದೇನು ಬೇಟಿ?" ನಾನು ಮಾಂಸ ತಿನ್ನದವಳೆಂದು ನನಗೆ ಬೇರೆ ಪಾತ್ರೆ, ಬೇರೆ ಒಲೆ ಎಂದು ಫರ್ಹೀನಳ ಅಮ್ಮಿ ಹಟ ಹಿಡಿದರು. ರಂಜಾನ್ ಹಬ್ಬದ ಶಾವಿಗೆ ಪಾಯಸ, ಸುರಕುಂಬಾ, ಒಂದು ಬಟ್ಟಲು ಉಳಿದದ್ದನ್ನು ಬಿಸಿ ಮಾಡಿ ಕೊಟ್ಟರು. ಅವರು ಬೇರೊಂದು ಮಾತನ್ನೂ ಕೇಳದಿದ್ದುದಕ್ಕೆ ನಾನು ಎರಡನೆಯ ದಿನ ಎಲ್ಲವನ್ನೂ ಹೇಳಿಬಿಟ್ಟೆ. ಚಾಚಾ ಕುವೈತಿನಲ್ಲಿ ಕ್ರೇನ್ ನಡೆಸಿ ಎಂದೋ ಹೊರಳಿ ಬಂದವರು. ನಗುತ್ತಾರೆಂದುಕೊಂಡಿದ್ದೆ. ನಗಲಿಲ್ಲ. "ಮದಲ ಎಲ್ಲಾರೂ ಕೇಳ್ತಾರ ಬೇಟಿ, ಯಾವಾಗ ಹೋಗ್ತಿ ಅಂತ. ತ್ರಾಸ ಆಗ್ತದ. ಒಂದಿನಾ ಕೇಳೂದೇ ಬಿಟ್ಟಬಿಡ್ತಾರ. ಅವತ್ತ ನಾ ಸಂಡಾಸದಾಗ ಕುಂತ ಅತ್ತೀನಿ, ನಿಮ್ಮ ಚಾಚೀಗಿ ಹೇಳಬ್ಯಾಡ" ಎಂದರು. ಅಡುಗೆಮನೆಯಿಂದ ಅಮ್ಮಿ "ನನಗ ಗೊತ್ತದ!" ಎಂದು ಕೂಗಿದರು.

ನಿಮಗೆ ಒಂದು ಮಾತು ಹೇಳಲೇ? ನನಗೆ ಆ ಮಸ್ಕತ್ತು ಬೇಕಾಗಿಲ್ಲ. ಆ ಸೆಕೆ, ಆ ಲಿಫ್ಟು, ಎರಡು ವರ್ಷಕ್ಕೊಮ್ಮೆ ವಾಸದ ಕಾರ್ಡು ನವೀಕರಣವಾಗುವವರೆಗೆ ಗಂಟಲಲ್ಲಿ ಇಳಿಯದ ಅನ್ನ, ಯಾವುದೂ ಬೇಡ. ಆದರೂ ಮುಂಜಾನೆ ಎದ್ದಾಗ ಕೈ ತಾನಾಗಿ ಎಡಗಡೆಯ ಸ್ವಿಚ್ಚಿಗೆ ಹೋಗುತ್ತದೆ. ಇಲ್ಲಿ ಎಡಗಡೆ ಗೋಡೆ. ಶುಕ್ರವಾರ ಸಂಜೆ ಸಮುದ್ರದ ದಂಡೆಯಲ್ಲಿ ನಾವಿಬ್ಬರೂ ಮಾತಾಡದೆ ಕೂತು ಕಡಲೆ ತಿನ್ನುತ್ತಿದ್ದೆವಲ್ಲ, ಅಲ್ಲಿ ನಮ್ಮನ್ನು ಯಾರೂ ಏನೂ ಕೇಳುತ್ತಿರಲಿಲ್ಲ ಎಂಬುದು ಈಗ ಹೊಳೆಯುತ್ತಿದೆ. ಮಸ್ಕತ್ತಿನ ವಿಮಾನ ನಿಲ್ದಾಣದಲ್ಲಿ ಒಬ್ಬ ಎಳೆಯ ಅಧಿಕಾರಿ ಆ ಕಾರ್ಡು ತೆಗೆದಿಟ್ಟುಕೊಂಡು, "ಖಲಾಸ್?" ಎಂದು ಮೃದುವಾಗಿಯೇ ಕೇಳಿದ. ಖಲಾಸ್ ಎಂದೆ. ಹದಿನಾರು ವರ್ಷ ಬೈದ ಊರಿಗಾಗಿ ಸೆರಗಿನಲ್ಲಿ ಕಣ್ಣು ಒರೆಸಿಕೊಂಡೆ. ನೀವು ಆ ಕೌಂಟರಿಗೆ ಬಂದಾಗ ಕರವಸ್ತ್ರ ಜೇಬಿನಲ್ಲಿರಲಿ, ಸೂಟ್‌ಕೇಸಿನೊಳಗೆ ಅಲ್ಲ.

ಬಾಲ್ಕನಿಯ ಕರಿಬೇವನ್ನು ಫರ್ಹೀನಳಿಗೆ ಕೊಡಿ. ನೀರು ಹೆಚ್ಚು ಹಾಕಬಾರದೆಂದು ಹೇಳಿ. ರೊಟ್ಟಿ ಹಂಚನ್ನು ಯಾರಿಗೂ ಕೊಡಬೇಡಿ, ಎಷ್ಟೇ ಭಾರವಾದರೂ ತನ್ನಿ. ಪರದೆಗಳನ್ನು ಬಿಡಿ, ಅಲ್ಲಿಯ ಕಿಟಕಿ ಇಲ್ಲಿ ಎಲ್ಲಿಯೂ ಸಿಗುವುದಿಲ್ಲ. ನೀವು ತಿಂಗಳ ಕೊನೆಗೆ ಬರುವಷ್ಟರಲ್ಲಿ ಮನೆಯಾಗಿರಬೇಕು ಎಂಬುದನ್ನು ನಾನು ಮರೆತಿಲ್ಲ. ಅಣ್ಣನಿಗೆ ಹೇಳದೆ ಹುಡುಕಲಾರೆ, ಹುಡುಕದೆ ನಿಮಗೆ ಬನ್ನಿ ಎನ್ನಲಾರೆ. ದಣಿದಿದ್ದೇನೆ, ಅಷ್ಟೇ. ಬೇಸರ ಮಾಡಿಕೊಳ್ಳಬೇಡಿ.

ಫರ್ಹೀನಳಿಗೂ ಅವಳ ಮಕ್ಕಳಿಗೂ ನನ್ನ ನೆನಪು ತಿಳಿಸಿ. ಮಹಡಿ ಮೇಲಿನ ಆ ಜಗಳಗಂಟಿಗೂ ತಿಳಿಸಿ, ಹೋಗುವಾಗ ಸಿಟ್ಟಿರಬಾರದು. ಶರಣಬಸವೇಶ್ವರರು ನಿಮ್ಮ ಮೊಣಕಾಲನ್ನು ವಿಮಾನದ ಮೆಟ್ಟಿಲವರೆಗಾದರೂ ಕಾಪಾಡಲಿ.

ನಿಮ್ಮ
ಭುವನೇಶ್ವರಿ

ಇದನ್ನು ಅಂಟಿಸಿದ ಮೇಲೆ ಮತ್ತೆ ಬಿಚ್ಚಿ ಬರೆಯುತ್ತಿದ್ದೇನೆ. ಫಿರೋಜ್ ಹೊರಗೆ ಆಟೋದಲ್ಲಿ ಕೂತು ಕೂಗುತ್ತಿದ್ದಾನೆ. ಈಗ ವೈನಿಗೆ ಫೋನು ಮಾಡಿದೆ. ಹೇಳಿಬಿಟ್ಟೆ. "ಹೋಗಿಲ್ಲ ವೈನಿ, ಇನ್ನ ಹೋಗಂಗಿಲ್ಲ. ಇವರೂ ಬರಾಕತ್ತಾರ." ಆ ಕಡೆಯಿಂದ ಬಂತು: "ಹಂಗಾದ್ರ ಅವತ್ತ ನನ್ನ ಸುಮ್ಮನ ಯಾಕ ಅಳಿಸಿದಿ?" ಮನಸಾರೆ ಬೈದಳು. ಅತಿಥಿಗೆ ಯಾರೂ ಹಾಗೆ ಬೈಯುವುದಿಲ್ಲ. ಅಣ್ಣನಿಗೂ ಕೂಗಿ ಹೇಳಿ ಅವನ ಕೈಲೂ ಬೈಸಿದಳು. ಕೊನೆಗೆ, "ಬ್ಯಾಡಗಿ ಮೆಣಸಿನಕಾಯಿ ಮಾಳಗಿ ಮ್ಯಾಲ ಒಣಗಾಕತ್ತಾವ, ತೊಟ್ಟ ಬಿಡಸಾಕ ಒಂದ ಆಳಿಲ್ಲ. ಲಗೂನ ಬಾ" ಎಂದು ಇಟ್ಟುಬಿಟ್ಟಳು. ಸುರಪುರದ ಬಸ್ಸು ಹಿಡಿದು ರಂಗಂಪೇಟೆಗೆ ಹೊರಟಿದ್ದೇನೆ. ಮನೆ ಸಿಗುತ್ತದೆ. ನೀವು ಬಂದ ದಿನ ಯಾರು ಏನು ಕೇಳಿದರೂ, ಇನ್ನು ಹೋಗುವುದಿಲ್ಲ ಎಂದು ಬಾಗಿಲಲ್ಲೇ ಹೇಳಿಬಿಡಿ. ಬಾಯಿ ಬಾರದಿದ್ದರೆ ಸುಮ್ಮನೆ ಒಳಗೆ ಬನ್ನಿ. ನಾನು ಹೇಳುತ್ತೇನೆ.